ಗಂಟಿಗೆ ಹೋದ ನೂಲು

ಕೊಯಮತ್ತೂರಿನ ಪಕ್ಕದ ಸೂಲೂರು ಬಸ್ ಸ್ಟ್ಯಾಂಡಿನ ಎದುರು, ಮಿಠಾಯಿ ಅಂಗಡಿಯ ಮೇಲೆ, ಒಂದು ಷೇರು ಆಫೀಸು ಇದೆ. ಆರು ವರ್ಷ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅದರ ಮೆಟ್ಟಿಲು ಹತ್ತುತ್ತಿದ್ದ ಮೊದಲ ಗಿರಾಕಿ ದಂಡಪಾಣಿ. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಕಂಕುಳಲ್ಲಿ ಒಂದು ಉದ್ದ ನೋಟುಬುಕ್ಕು. ಮನೆಯಿಂದ ಎರಡೂವರೆ ಕಿಲೋಮೀಟರು ನಡೆದೇ ಬರುತ್ತಿದ್ದ, ಬಸ್ಸಿಗೆ ಹತ್ತು ರೂಪಾಯಿ ಯಾಕೆ ದಂಡ ಅಂತ. ಕೆಳಗಿನ ಅಂಗಡಿಯಲ್ಲಿ ಒಂದು ಟೀ ಕುಡಿದವನಲ್ಲ. ಹೀಗೆ ಹತ್ತು ಹತ್ತು ಉಳಿಸಿ ಮೇಲೆ ಹತ್ತಿದ ಮಹರಾಯ ಅಲ್ಲಿ ದಿನಕ್ಕೆ ಆರುನೂರು ರೂಪಾಯಿ ಸುರಿದು ಕೆಳಗಿಳಿಯುತ್ತಿದ್ದ. ಸುರಿಯುತ್ತಿದ್ದೇನೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಅಷ್ಟೂ ಗೊತ್ತಾಗಲಿಲ್ಲವಾ ಅಂತ ಈಗ ಬೀದಿಯವರೆಲ್ಲ ಕೇಳುತ್ತಾರೆ. ಕೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ. ಅವನ ಜಾಗದಲ್ಲಿ ಕೂತು ನೋಡಬೇಕು.

ದಂಡಪಾಣಿಯದು ದೇವಾಂಗರ ಮನೆ. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ಮಗ್ಗ ಹೊತ್ತು ಬಂದವರು. ಯಾವ ಊರಿಂದ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅವನು ಓದಿದ್ದು ಎಂಟನೇ ಕ್ಲಾಸು, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಅವನ ಕಣ್ಣಿಗೆ ಜಿಲೇಬಿ, ಇಂಗ್ಲಿಷು ಇರುವೆ ಸಾಲು.

ಅವನು ಚಿಕ್ಕವನಿದ್ದಾಗ ಬೀದಿಯಲ್ಲೆಲ್ಲ ಕೈಮಗ್ಗ. ಬಿಸಿಲು ಏರುವ ಮುಂಚೆ ಪಾವು, ಅಂದರೆ ಸೀರೆಯ ಉದ್ದದ ಎಳೆಗಳನ್ನೆಲ್ಲ, ಬೀದಿಯ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟುತ್ತಿದ್ದರು. ಅದಕ್ಕೆ ಗಂಜಿ ಬಳಿದು, ಮನೆಮಂದಿಯೆಲ್ಲ ಎರಡು ಬದಿಗೆ ನಿಂತು ಕಾಯುತ್ತಿದ್ದರು. ಎಲ್ಲ ಎಳೆಗೂ ಒಂದೇ ಬಿಗಿ ಇರಬೇಕು. ಕಡಿದದ್ದಕ್ಕೆ ಗಂಟು, ಸಡಿಲಾದದ್ದಕ್ಕೆ ಎಳೆತ, ಎಲ್ಲ ಆಗಿಂದಾಗಲೇ. "ಸಾವಿರ ಎಳೇಲಿ ಒಂದು ಜೋತು ಬಿದ್ರೂ ಸೀರೆ ಪೂರಾ ಸುಕ್ಕು ಕಣೋ. ನಾಳೆ ನೋಡೋಣ ಅಂದವನಿಗೆ ನಾಳೆ ಗಂಜಿಯೂ ಇಲ್ಲ" ಅಂತ ಅವನಪ್ಪ ಬೆನ್ನಿಗೆ ಬಾರಿಸಿ ಕಲಿಸಿದ. ಎಳೆಗಳ ಮೇಲೆ ಅಂಗೈ ಮಗುಚಿ ಆಡಿಸಿದರೆ ಸಾಕು, ಸಡಿಲಾದ ಎಳೆ ಎಲ್ಲಿದೆ ಅಂತ ದಂಡಪಾಣಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಕೈಮಗ್ಗ ಹೋಯಿತು, ಪವರ್‌ಲೂಮು ಬಂತು. ಅವನು ನೂಲಿಗೆ ಗಂಜಿ ಹಾಕುವ ಮಿಲ್ಲಿಗೆ ಸೇರಿ ಮೂವತ್ತೊಂದು ವರ್ಷ, ನಿವೃತ್ತನಾಗುವ ತನಕ, ಅದೇ ಕೆಲಸ ಮಾಡಿದ. ಎಲ್ಲ ಎಳೆಯೂ ಸಮ ಇದೆಯಾ ಅಂತ ನೋಡುವ ಕೆಲಸ.

ಮಗ ಸೆಂದಿಲ್. ಒಬ್ಬನೇ ಮಗ. "ಈ ನೂಲಲ್ಲಿ ಹೊಟ್ಟೆ ತುಂಬಲ್ಲ, ಕಬ್ಬಿಣದ ಕಡೆ ಹೋಗು" ಅಂತ ಹೇಳಿ, ಗುರುತಿದ್ದವರ ಕೈಕಾಲು ಹಿಡಿದು, ಕುರಿಚಿಯ ಒಂದು ಫೌಂಡ್ರಿಗೆ ಅವನನ್ನು ಸೇರಿಸಿದವನು ದಂಡಪಾಣಿಯೇ. ಹನ್ನೆರಡು ವರ್ಷ ಚೆನ್ನಾಗೇ ನಡೆಯಿತು. ಎರಡು ಸಾವಿರದ ಹದಿನೆಂಟರ ಐಪಸಿ ತಿಂಗಳಲ್ಲಿ, ದೀಪಾವಳಿಯ ಆಸುಪಾಸು, ಕಾದ ಕಬ್ಬಿಣದ ಬಾನಿಯ ಸರಪಳಿ ಕಡಿಯಿತು. ಸೆಂದಿಲ್ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದ.

ಆ ಹತ್ತೊಂಬತ್ತು ದಿನ ದಂಡಪಾಣಿ ಮಾಡಿದ್ದು ಒಂದೇ: ಕಾರಿಡಾರಿನ ಬೆಂಚಿನ ಮೇಲೆ ಕೂತದ್ದು. ಒಳಗೆ ಹೋದರೆ ನರ್ಸು, "ಮುಟ್ಟಬೇಡಿ ಅಯ್ಯಾ, ಸುಮ್ಮನೆ ಹೊರಗೆ ಕೂತಿರಿ" ಅನ್ನುತ್ತಿದ್ದಳು. ಅವಳು ಹೇಳಿದ್ದು ಸರಿಯೇ. ಆದರೆ ಜನ್ಮವಿಡೀ ಕಡಿದದ್ದನ್ನು ಆಗಿಂದಾಗಲೇ ಜೋಡಿಸಿದ ಕೈಗಳು ತೊಡೆಯ ಮೇಲೆ ಬಿದ್ದಿದ್ದವು. ಇಪ್ಪತ್ತನೇ ದಿನ ಬೆಳಿಗ್ಗೆ ಮುಗಿಯಿತು. ಅವತ್ತಿನಿಂದ ಸುಮ್ಮನೆ ಕೂರುವುದು ಅಂದರೆ ಅವನಿಗೆ ಜೀವ ಹೋಗುತ್ತಿತ್ತು. ಅವನ ಹೆಂಡತಿ ಅಮ್ಮಣಿ ಮೂವತ್ತು ವರ್ಷ "ಸೆಂದಿಲಪ್ಪಾ" ಅಂತ ಕರೆದು ಊಟಕ್ಕೆ ಎಬ್ಬಿಸಿದವಳು, ಆಮೇಲೆ ಆ ಹೆಸರಿಗೆ ಅವಳ ಬಾಯಿ ಏಳಲಿಲ್ಲ. "ಇಲ್ಲಿ ನೋಡಿ" ಅನ್ನತೊಡಗಿದಳು.

ಪರಿಹಾರ, ಪಿಎಫ್ಫು ಎಲ್ಲ ಸೇರಿ ಎಂಟು ಲಕ್ಷ ಬಂತು. ಅದು ಬಂದಾಗ ಎರಡು ಸಾವಿರದ ಹತ್ತೊಂಬತ್ತರ ಆನಿ ತಿಂಗಳು, ಜೂನಿನ ಕೊನೆ. ಸೊಸೆ ಸಾಂತಿ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸದವಳು, ಹೊಲಿದ ಬನಿಯನ್ನಿನ ನೂಲು ಕತ್ತರಿಸಿ ತಪ್ಪು ಹುಡುಕುವ ಕೆಲಸ. ಅಲ್ಲೇ ಒಂದು ಲೈನ್ ಮನೆಯಲ್ಲಿ ಹನ್ನೊಂದು ವರ್ಷದ ಮಗಳು ಧರಣಿಯನ್ನು ಇಟ್ಟುಕೊಂಡಿದ್ದಳು. ಅವಳು ಚೆಕ್ಕನ್ನು ತಂದು ಮಾವನ ಕೈಗೆ ಕೊಟ್ಟಳು.

"ನನ್ನ ಹತ್ರ ಇದ್ರೆ ಉಳಿಯಲ್ಲ ಮಾವಾ. ಅಣ್ಣಂದಿರು ಕೇಳಿದ್ರೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ಧರಣಿ ಪ್ಲಸ್ ಟೂ ಮುಗಿಸೋ ತನಕ ನೀವು ನೋಡ್ಕೊಳ್ಳಿ" ಅಂದಳು. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದಳು. "ಇದು ದುಡ್ಡಲ್ಲ ಮಾವಾ. ಅವರು."

ಆ ಮಾತು ಹೇಳದೆ ಇದ್ದಿದ್ದರೆ ಚೆನ್ನಾಗಿತ್ತೋ ಏನೋ. ಅವಳ ಮೇಲೆ ತಪ್ಪು ಹೊರಿಸುತ್ತಿಲ್ಲ, ಅಷ್ಟು ನಂಬಿ ಕೊಟ್ಟವಳು ಅವಳು. ಆದರೆ ದುಡ್ಡಾಗಿದ್ದರೆ ದಂಡಪಾಣಿ ಬ್ಯಾಂಕಿನಲ್ಲಿ ಹಾಕಿ ಮರೆತುಬಿಡುತ್ತಿದ್ದ. ಮಗನನ್ನು ಬ್ಯಾಂಕಿನಲ್ಲಿ ಹಾಕಿ ಮರೆಯುವುದು ಹೇಗೆ?

ಆಗ ಪಕ್ಕದ ಮನೆಯ ಮಹಡಿಯಲ್ಲಿ ಸುಮುಖ ಅಂತ ಒಬ್ಬ ಹುಡುಗ ಬಾಡಿಗೆಗಿದ್ದ. ಶಿವಮೊಗ್ಗದವನು, ಮೋಟಾರ್ ಪಂಪಿನ ಕಂಪನಿಯಲ್ಲಿ ಎಂಜಿನಿಯರು. ಅಮ್ಮಣಿಯ ಕನ್ನಡ ಕೇಳಿ ಮೊದಲ ದಿನ ನಕ್ಕವನು, ತಿಂಗಳಾಗುವಷ್ಟರಲ್ಲಿ ಅವಳ ಕೈಯ ರಾಗಿ ಕಳಿಗೆ, ಅಂದರೆ ಮುದ್ದೆಗೆ, ತಪ್ಪದೆ ಬಂದು ಕೂರತೊಡಗಿದ್ದ. ಒಳ್ಳೆ ಹುಡುಗ. ದಂಡಪಾಣಿ ಅವನನ್ನು ಕೇಳಿದ.

"ಓದಿನ ಖರ್ಚು ವರ್ಷ ವರ್ಷ ಏರುತ್ತೆ ತಾತಾ, ಬ್ಯಾಂಕಿನ ಬಡ್ಡಿ ಅದರ ಹಿಂದೆ ಓಡೋಕಾಗಲ್ಲ. ಆರೇಳು ವರ್ಷ ಸಮಯ ಇದೆಯಲ್ಲ, ಒಳ್ಳೊಳ್ಳೆ ಕಂಪನಿ ಷೇರಲ್ಲಿ ಹಾಕಿ. ಒಂದರಲ್ಲೇ ಬೇಡ, ಹತ್ತರಲ್ಲಿ ಸಮವಾಗಿ ಹಂಚಿ. ಒಂದು ತುಂಬಾ ಏರಿ ಇನ್ನೊಂದು ತುಂಬಾ ಇಳಿದ್ರೆ, ಏರಿದ್ದರಲ್ಲಿ ಸ್ವಲ್ಪ ಮಾರಿ ಇಳಿದಿದ್ದರಲ್ಲಿ ಹಾಕಿ ಸಮ ಮಾಡ್ಕೊಳ್ಳಿ. ಅಷ್ಟೇ" ಅಂದ ಸುಮುಖ.

ಹತ್ತು ಎಳೆ, ಎಲ್ಲಕ್ಕೂ ಒಂದೇ ಬಿಗಿ. ದಂಡಪಾಣಿಗೆ ಇದನ್ನು ಯಾರು ಬಿಡಿಸಿ ಹೇಳಬೇಕು? ಷೇರು ಮಾರ್ಕೆಟ್ಟು ಅಂದರೆ ಜೂಜು ಅಂತ ಹೆದರಿದ್ದ ಮನುಷ್ಯನಿಗೆ, ಅರೆ, ಇದು ನಮ್ಮ ಬೀದಿಯ ಕೆಲಸವೇ ಅಲ್ಲವಾ ಅನ್ನಿಸಿತು. ಎಷ್ಟು ದಿನಕ್ಕೊಮ್ಮೆ ಸಮ ಮಾಡಬೇಕು ಅಂತ ಅವನು ಕೇಳಲಿಲ್ಲ. ಪಾವನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು ಅಂತ ಯಾವ ನೇಕಾರ ಕೇಳುತ್ತಾನೆ?

ಷೇರು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ಕಾರ್ತಿ. ಅವನು ಫಾರಂ ತುಂಬಿಸುವಾಗಲೇ ಹೇಳಿದ್ದ, ಒಂದೊಂದು ಸಲ ಕೊಂಡರೂ ಮಾರಿದರೂ ಕನಿಷ್ಠ ನಲವತ್ತು ರೂಪಾಯಿ ಕಮಿಷನ್ ಅಂತ. ಕನಿಷ್ಠ ಅಂದರೆ, ಎಂಬತ್ತು ಸಾವಿರದ್ದು ಮಾರಿದರೂ ನಲವತ್ತಕ್ಕೆ ಕಡಿಮೆಯಿಲ್ಲ, ಎಂಟುನೂರರದ್ದು ಮಾರಿದರೂ ನಲವತ್ತೇ. ಅದರ ಮೇಲೆ ತೆರಿಗೆ. ಮಾರಿದರೆ ಖಾತೆಯಿಂದ ಷೇರು ಇಳಿಸಿದ್ದಕ್ಕೆ ಬೇರೆ ಇಪ್ಪತ್ತು ಚಿಲ್ಲರೆ. ಎಂಟು ಲಕ್ಷದ ಮುಂದೆ ನಲವತ್ತು ರೂಪಾಯಿ ಏನು? ಎರಡು ಟೀ, ಎರಡು ಬಜ್ಜಿ. ದಂಡಪಾಣಿ ಹದಿನಾಲ್ಕು ಕಡೆ ಸಹಿ ಹಾಕಿದ.

ಹತ್ತು ಕಂಪನಿ, ತಲಾ ಎಂಬತ್ತು ಸಾವಿರ. ಅವುಗಳ ಇಂಗ್ಲಿಷ್ ಹೆಸರು ಅವನ ನಾಲಿಗೆಗೆ ಹೊರಳಲಿಲ್ಲ. ಸೋಪು, ಸಿಮೆಂಟು, ಔಷಧಿ, ಬ್ಯಾಂಕು, ಬಣ್ಣ, ಟೈರು ಅಂತ ಅವನೇ ಹೆಸರಿಟ್ಟುಕೊಂಡ. ದಿನಾ ಬೆಳಿಗ್ಗೆ ಪರದೆ ನೋಡಿ ಹತ್ತರ ಬೆಲೆಯನ್ನೂ ನೋಟುಬುಕ್ಕಿನಲ್ಲಿ ಬರೆದು, ಕೂಡಿಸಿ, ಹತ್ತರಿಂದ ಭಾಗಿಸುತ್ತಿದ್ದ. "ಸೋಪು ಸಾವಿರ ರೂಪಾಯಿ ಮೇಲೆ ನಿಂತದೆ, ಎರಡು ಮಾರಪ್ಪಾ. ಟೈರು ಜೋತು ಬಿದ್ದದೆ, ಒಂದು ತಗೊ." ಹತ್ತಕ್ಕೆ ಹತ್ತೂ ಸಮ ಬರುವ ತನಕ ಕುರ್ಚಿಯಿಂದ ಏಳುತ್ತಿರಲಿಲ್ಲ. ಐದು ಮಾರಾಟ, ಐದು ಖರೀದಿ. ಹನ್ನೊಂದರ ಹೊತ್ತಿಗೆ ಎಲ್ಲ ಸಮ ಆದಾಗ ನೋಟುಬುಕ್ಕಿನ ಹಾಳೆಯ ಮೇಲೆ ಅಂಗೈ ಮಗುಚಿ ಒಮ್ಮೆ ಆಡಿಸಿ, "ಇವತ್ತಿಗೆ ಚೆನ್ನಾಗವ್ನೆ" ಅನ್ನುತ್ತಿದ್ದ. ಯಾರು ಚೆನ್ನಾಗಿದ್ದಾನೆ ಅಂತ ಕಾರ್ತಿ ಒಮ್ಮೆಯೂ ಕೇಳಲಿಲ್ಲ.

ಕಾರ್ತಿ ಕೆಟ್ಟವನೇನಲ್ಲ. "ವಾಂಗಯ್ಯಾ" ಅಂತ ಎದ್ದು ನಿಂತು ಕರೆದು, ಫ್ಯಾನಿನ ಕೆಳಗಿನ ಕುರ್ಚಿಯನ್ನು ಅವನಿಗೇ ಅಂತ ಬಿಟ್ಟಿಡುತ್ತಿದ್ದ. ದೀಪಾವಳಿಗೆ ತಪ್ಪದೆ ಅರ್ಧ ಕೆಜಿ ಮೈಸೂರ್ ಪಾಕಿನ ಡಬ್ಬಿ ಕೊಡುತ್ತಿದ್ದ. ಆದರೆ ಅವನ ತಿಂಗಳ ಟಾರ್ಗೆಟ್ಟು ನಿಂತದ್ದು ಎಷ್ಟು ಆರ್ಡರು ಬಿತ್ತು ಅನ್ನುವುದರ ಮೇಲೆ. ದಿನಕ್ಕೆ ಹತ್ತು ಆರ್ಡರು ತಂದು ಕೈಗಿಡುವ ಮುದುಕನಿಗೆ, ಅಯ್ಯಾ ಇದು ಬೇಡ, ಮನೆಗೆ ಹೋಗಿ ಮಲಗಿ ಅಂತ ಹೇಳಲು ಎಷ್ಟು ದೊಡ್ಡ ಮನಸ್ಸು ಬೇಕು! ಅಷ್ಟು ದೊಡ್ಡದು ಅವನಿಗಿರಲಿಲ್ಲ. ಆರು ವರ್ಷಕ್ಕೆ ಆರು ಡಬ್ಬಿ ಮೈಸೂರ್ ಪಾಕು. ಪ್ರಪಂಚದಲ್ಲಿ ಅಷ್ಟು ದುಬಾರಿ ಮೈಸೂರ್ ಪಾಕು ಇನ್ನೊಬ್ಬ ತಿಂದಿರಲಾರ.

ಮೊದಲು ಅನುಮಾನ ಬಂದದ್ದು ಅಮ್ಮಣಿಗೆ. ಅವಳು ಒಂದು ಅಕ್ಷರ ಓದಿದವಳಲ್ಲ. ನಲವತ್ತು ವರ್ಷ ರಾಟೆ ತಿರುಗಿಸಿ, ಕಡಿದ ನೂಲಿಗೆ ಗಂಟು ಹಾಕಿದವಳು. ಒಂದು ದಿನ ಅವನು ಊಟಕ್ಕೆ ಕೂತು, ಇವತ್ತು ಹತ್ತನ್ನೂ ಸಮ ಮಾಡಿ ಬಂದೆ ಅಂತ ಹಿಗ್ಗಿನಿಂದ ಹೇಳುತ್ತಿದ್ದಾಗ ಅವಳು ಸಾರು ಬಡಿಸುತ್ತಾ ಕೇಳಿದಳು.

"ಇಲ್ಲಿ ನೋಡಿ, ದಿನಾ ಗಂಟು ಹಾಕ್ತೀರಲ್ಲ, ಗಂಟಿಗೆ ನೂಲು ಎಲ್ಲಿಂದ ಬರುತ್ತೆ?"

"ಏನು ನೂಲು?"

"ಒಂದು ಗಂಟಿಗೆ ಹೆಬ್ಬೆರಳುದ್ದ ನೂಲು ಹೋಗುತ್ತೆ. ನೂರು ಗಂಟು ಹಾಕಿದ್ರೆ ಪಾವು ಒಂದು ಮೊಳ ಕಮ್ಮಿ. ನಮ್ಮತ್ತೆ ಬಯ್ಯೋರು, ಸುಮ್ ಸುಮ್ನೆ ಎಳೆ ಕೆಣಕಬೇಡ ಅಂತ."

"ನಿನಗೆ ಷೇರಿನ ಕಣಕ್ಕು ಲೆಕ್ಕ ಏನು ಗೊತ್ತು? ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂತ ಗಾದೆ ಕೇಳಿಲ್ವಾ? ನೋಡ್ಕೊಳ್ದೆ ಬಿಟ್ರೆ ಯಾವುದು ಉಳಿಯುತ್ತೆ?" ಅಂತ ಅವಳ ಬಾಯಿ ಮುಚ್ಚಿಸಿದ. ಗಂಡನಿಗೆ ಮಾಡಲು ಒಂದು ಕೆಲಸ ಸಿಕ್ಕಿದೆ, ಬೆಳಿಗ್ಗೆ ಎದ್ದು ಮುಖ ತೊಳೆದು ಹೊರಡುತ್ತಾನೆ, ಅಷ್ಟು ಸಾಕು ಅಂತ ಅವಳೂ ಅಂದುಕೊಂಡಳು. ಮಗ ಹೋದ ಮೇಲೆ ಎಂಟು ತಿಂಗಳು ಅವನು ಕೂರಲಾರದೆ ನಿಲ್ಲಲಾರದೆ ಒದ್ದಾಡಿದ್ದನ್ನು ಕಂಡವಳಲ್ಲವೇ.

ಕೊರೊನಾ ಬಂತು. ಆಫೀಸಿಗೆ ಬೀಗ. ಎರಡು ತಿಂಗಳು ದಂಡಪಾಣಿ ಮನೆಯಲ್ಲಿ ಬೋನಿಗೆ ಬಿದ್ದ ಹುಲಿಯ ಹಾಗೆ ಶತಪಥ ಹಾಕಿದ. ಕಾರ್ತಿಗೆ ಫೋನು ಮಾಡಿದರೆ ಅವನು ಊರಿಗೆ ಹೋಗಿ ಕೂತಿದ್ದ. ಜೂನಿನಲ್ಲಿ ಬಾಗಿಲು ತೆರೆದಾಗ ಹತ್ತೂ ಎಳೆ ದಿಕ್ಕಾಪಾಲಾಗಿದ್ದವು. ಔಷಧಿ ಎಲ್ಲೋ, ಬ್ಯಾಂಕು ಎಲ್ಲೋ. ಆ ಎರಡು ತಿಂಗಳು ಯಾರೂ ಕೈ ಹಾಕದೆ ಇದ್ದದ್ದಕ್ಕೆ ನಯಾಪೈಸೆ ಕಮಿಷನ್ ಹೋಗಿರಲಿಲ್ಲ. ದೇವರು ತಾನೇ ಬೀಗ ಹಾಕಿ ತೋರಿಸಿಕೊಟ್ಟ ಪಾಠ ಅದು. ಅವನು ಕಲಿತದ್ದು ಮಾತ್ರ ಉಲ್ಟಾ: ನಾನು ಎರಡು ತಿಂಗಳು ಬಿಟ್ಟದ್ದಕ್ಕೆ ಇಷ್ಟು ಕೆಟ್ಟಿತು, ಇನ್ನು ಒಂದು ದಿನವೂ ಬಿಡಬಾರದು. ಅದೇ ವರ್ಷ ಸುಮುಖ ಕೆಲಸ ಬದಲಿಸಿ ಹುಬ್ಬಳ್ಳಿಗೆ ಹೋದ.

ಮೊತ್ತ ಇಳಿಯುತ್ತಿದ್ದದ್ದು ದಂಡಪಾಣಿಗೆ ಕಾಣುತ್ತಿರಲಿಲ್ಲ ಅಂತಲ್ಲ. ಎಂಟು ಏಳೂವರೆ ಆಯಿತು, ಏಳೂವರೆ ಏಳಾಯಿತು. ಕಾರ್ತಿಯನ್ನು ಕೇಳಿದರೆ, "ಮಾರ್ಕೆಟ್ಟು ಸರಿಯಿಲ್ಲೀಂಗಯ್ಯಾ, ಕೊರೊನಾ" ಅಂದ. ಆಮೇಲೆ ಎಲ್ಲೋ ಯುದ್ಧ ಅಂದ. ಏರಿದ ವರ್ಷಗಳಲ್ಲೂ ಇವನದು ಇಳಿಯಿತು. ಆಗ ದಂಡಪಾಣಿ ತನ್ನನ್ನೇ ಬೈದುಕೊಂಡ, ನನ್ನ ಕಣ್ಣು ಮಂದವಾಯಿತು, ಇನ್ನೂ ಸರಿಯಾಗಿ ನೋಡಿಕೊಳ್ಳಬೇಕು ಅಂತ. ನೂರು ರೂಪಾಯಿ ವ್ಯತ್ಯಾಸ ಇದ್ದರೂ ಸಮ ಮಾಡತೊಡಗಿದ. ಸಾಂತಿ ಕೇಳಿದಾಗೆಲ್ಲ, "ನೋಡ್ಕೊಳ್ತಾ ಇದೀನಮ್ಮಾ, ದಿನಾ ನೋಡ್ಕೊಳ್ತಾ ಇದೀನಿ" ಅಂದ. ಅದು ಸುಳ್ಳಲ್ಲ. ಎಷ್ಟು ಉಳಿದಿದೆ ಅಂತ ಮಾತ್ರ ಹೇಳಲಿಲ್ಲ. ಹುಡುಗಿಯ ಓದು ಮುಗಿಯುವಷ್ಟರಲ್ಲಿ ಏರುತ್ತದೆ, ಏರಲೇಬೇಕು, ಮನೆದೇವರು ಸೌಡಮ್ಮ ಕಣ್ಣು ಮುಚ್ಚಿ ಕೂತಿಲ್ಲ ಅಂತ ನಂಬಿಕೊಂಡಿದ್ದ.

ಧರಣಿ ಬೆಳೆದಳು. ಪ್ರತಿ ಭಾನುವಾರ ತಾಯಿಯ ಜೊತೆ ಬಸ್ಸು ಹತ್ತಿ ಬಂದು ತಾತನ ಬಲಗೈ ಹಿಡಿದು ಕೂರುತ್ತಿದ್ದಳು. ಮಿಲ್ಲಿನ ಗಂಜಿನೀರಿನಲ್ಲಿ ಅದ್ದಿ ಅದ್ದಿ ಅವನ ಬೆರಳ ಗೆಣ್ಣು ಮರಗಟ್ಟಿದ್ದವು. ಅವಳು ಒಂದೊಂದೇ ಬೆರಳನ್ನು ಮಡಿಸಿ, ಬಿಡಿಸಿ, ಲೆಕ್ಕ ಹಾಕಿ ಹತ್ತು ಸಲ ಆಡಿಸುತ್ತಿದ್ದಳು. ಇದನ್ನು ಅವಳು ಕಲಿತದ್ದು ಆಸ್ಪತ್ರೆಯಲ್ಲಿ. ಅಪ್ಪನಿಗೆ ಸುಟ್ಟ ಬೆರಳು ಅಂಟಿಕೊಳ್ಳಬಾರದು ಅಂತ ಒಬ್ಬಾಕೆ ದಿನಾ ಬಂದು ಹೀಗೇ ಆಡಿಸುತ್ತಿದ್ದಳಂತೆ. ಆ ವಾರ್ಡಿನಲ್ಲಿ ಅಪ್ಪ ನಗುತ್ತಿದ್ದದ್ದು ಆಕೆ ಬಂದಾಗ ಮಾತ್ರ. ಅವತ್ತೇ ಹುಡುಗಿ ನಿರ್ಧಾರ ಮಾಡಿದ್ದಳು, ಓದಿದರೆ ಫಿಸಿಯೋಥೆರಪಿ, ಬೇರೆ ಬೇಡ.

ಈ ವರ್ಷ ಮೇ ತಿಂಗಳಲ್ಲಿ ಪ್ಲಸ್ ಟೂ ರಿಸಲ್ಟು ಬಂತು. ಆರುನೂರಕ್ಕೆ ಐನೂರ ನಲವತ್ತೊಂದು. ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ನಾಲ್ಕೂವರೆ ವರ್ಷಕ್ಕೆ ಫೀಸು, ಹಾಸ್ಟೆಲು ಎಲ್ಲ ಸೇರಿ ಹನ್ನೆರಡು ಲಕ್ಷ. ಜೂನ್ ಹತ್ತರೊಳಗೆ ಮೊದಲ ಕಂತು ಕಟ್ಟಬೇಕು. ಸಾಂತಿ ಫೋನಿನಲ್ಲಿ ಇಷ್ಟೂ ಹೇಳಿ, "ಅವರು ಇದ್ದಿದ್ರೂ ಇಷ್ಟೇ ಮಾಡೋರು ಮಾವಾ. ಭಾನುವಾರ ಬರ್ತೀವಿ" ಅಂದಳು. ಅವಳ ಧ್ವನಿಯಲ್ಲಿ ಆರು ವರ್ಷದಲ್ಲಿ ಕೇಳದ ಒಂದು ಸಂತೋಷ ಇತ್ತು. ಅವತ್ತು ನೋಟುಬುಕ್ಕಿನಲ್ಲಿದ್ದ ಮೊತ್ತ ಮೂರು ಲಕ್ಷದ ಎಂಬತ್ತಾರು ಸಾವಿರ.

ಆ ವಾರವೇ ಸುಮುಖ ಬಂದ. ಹಳೆಯ ಮನೆ ಮಾಲೀಕರ ಮಗಳ ಮದುವೆಗೆ ಬಂದವನು, ಅಮ್ಮಣಿಯನ್ನು ನೋಡಿ ಹೋಗೋಣ ಅಂತ ಕಾಲಿಟ್ಟ. ದಂಡಪಾಣಿ ಅವನನ್ನು ಕೂರಲೂ ಬಿಡದೆ ಟ್ರಂಕು ತೆರೆದು, ಆರು ವರ್ಷದ ಚೀಟಿಗಳನ್ನೂ ಕಾರ್ತಿ ಅಚ್ಚು ಹಾಕಿಕೊಟ್ಟ ಉದ್ದದ ಲೆಕ್ಕವನ್ನೂ ಅವನ ಮುಂದೆ ಸುರಿದ.

"ನೋಡಪ್ಪಾ. ನೀನು ಹೇಳಿದಂಗೇ ಮಾಡಿದೀನಿ. ಒಂದು ದಿನ ತಪ್ಪಿಸಿಲ್ಲ. ಎಲ್ಲಿ ತಪ್ಪಾಯ್ತು ಹೇಳು."

ಸುಮುಖ ಒಂದು ಹಾಳೆ ನೋಡಿದ, ಹತ್ತು ಹಾಳೆ ನೋಡಿದ. ಮೊಬೈಲು ತೆಗೆದು ಲೆಕ್ಕ ಹಾಕತೊಡಗಿದ. ಅಮ್ಮಣಿ ತಂದಿಟ್ಟ ಕಾಫಿ ಆರಿ ಕೆನೆ ಕಟ್ಟಿತು.

"ತಾತಾ, ದಿನಾ ಮಾಡಿದ್ರಾ?"

"ದಿನಾ."

"ಅಯ್ಯೋ ದೇವರೇ." ಅವನು ಕಣ್ಣೊರೆಸಿಕೊಂಡ. "ಇಲ್ನೋಡಿ. ಈ ದಿನ ಸೋಪು ಕಂಪನಿಯದು ನೂರ ಎಂಬತ್ತು ರೂಪಾಯಿ ಹೆಚ್ಚಿತ್ತು. ಅದನ್ನ ಸರಿ ಮಾಡೋಕೆ ಎಪ್ಪತ್ತು ರೂಪಾಯಿ ಕೊಟ್ಟಿದ್ದೀರಿ. ಅಷ್ಟು ಚೂರು ಓರೆಯಾದ್ರೆ ಏನೂ ಆಗಲ್ಲ ತಾತಾ, ಅದು ಹಾಗೇ ಇರಬಹುದು. ಹದಿನೈದು ಸಾವಿರ, ಇಪ್ಪತ್ತು ಸಾವಿರ ಓರೆಯಾದಾಗ ಮಾತ್ರ ಕೈ ಹಾಕಬೇಕು. ವರ್ಷಕ್ಕೊಂದು ಸಲ, ಎರಡು ಸಲ. ಸರಿ ಮಾಡೋ ಖರ್ಚು ಓರೆಯಿಂದಾಗೋ ನಷ್ಟಕ್ಕಿಂತ ಜಾಸ್ತಿಯಾದ್ರೆ ಸರಿ ಮಾಡಬಾರದು. ಇದನ್ನ ನಾನು ಹೇಳಬೇಕಿತ್ತು. ಹೇಳಲೇ ಇಲ್ಲ ನಾನು."

"ಒಟ್ಟು ಎಷ್ಟು ಹೋಯ್ತು?"

"ಬರೀ ಕಮಿಷನ್ನು, ಚಾರ್ಜು, ತೆರಿಗೆ ಸೇರಿ ಎಂಟು ಲಕ್ಷದ ಮೂವತ್ತೇಳು ಸಾವಿರ."

ಬಂದದ್ದೇ ಎಂಟು ಲಕ್ಷ. ಅಷ್ಟೂ ಹೋಗಿ, ಅದರ ಮೇಲೆ ಮೂವತ್ತೇಳು ಸಾವಿರ ಹೋಗಿತ್ತು. ಈಗ ಉಳಿದದ್ದು ಷೇರು ಬೆಳೆದು ಹೆತ್ತ ಮರಿಯ ಚೂರು, ಅಸಲು ಎಂದೋ ಸತ್ತಿತ್ತು. ದಂಡಪಾಣಿ ತಡವರಿಸಿ ಕೇಳಿದ, "ಕೈ ಹಾಕದೇ ಇದ್ದಿದ್ರೆ?"

ಸುಮುಖ ಹೇಳಲೋ ಬೇಡವೋ ಅಂತ ಅಮ್ಮಣಿಯ ಕಡೆ ನೋಡಿದ.

"ಹೇಳಪ್ಪಾ" ಅಂದಳು ಅವಳು.

"ಹದಿನೈದು ಲಕ್ಷ ದಾಟಿರೋದು."

ಅಮ್ಮಣಿ ಆರಿದ ಕಾಫಿಯ ಲೋಟ ಎತ್ತಿಕೊಂಡಳು. ನಾನು ಅವತ್ತೇ ಕೇಳಲಿಲ್ಲವಾ ಅಂತ ಅವಳು ಅನ್ನಬಹುದಿತ್ತು. ಬೇರೆ ಯಾವ ಹೆಂಗಸಾದರೂ ಅನ್ನುತ್ತಿದ್ದಳು. ಅವಳು ಅನ್ನಲಿಲ್ಲ. ಅದೇ ದಂಡಪಾಣಿಗೆ ಹೆಚ್ಚು ಸಂಕಟವಾಯಿತು.

ಮಾರನೇ ದಿನ ಕೊನೆಯ ಸಲ ಅವನು ಆ ಮೆಟ್ಟಿಲು ಹತ್ತಿದ. "ವಾಂಗಯ್ಯಾ, ಇವತ್ತು ಯಾವುದು ಜೋತು ಬಿದ್ದಿದೆ?" ಅಂತ ಕಾರ್ತಿ ನಗುನಗುತ್ತಾ ಕೇಳಿದ. "ಎಲ್ಲಾ ಮಾರು" ಅಂದ ದಂಡಪಾಣಿ. ಕಾರ್ತಿ ಅವನ ಮುಖ ನೋಡಿದ. ತಲೆ ಬಗ್ಗಿಸಿ ಒಂದೊಂದಾಗಿ ಹತ್ತನ್ನೂ ಮಾರಿದ. ಹತ್ತಕ್ಕೂ ಕಮಿಷನ್ ಬಿತ್ತು. ಎರಡು ದಿನಕ್ಕೆ ಬ್ಯಾಂಕಿಗೆ ಬಂದ ದುಡ್ಡಿಗೆ ಚೆಕ್ಕು ಬರೆಸಿ, ಅದನ್ನು ನೋಟುಬುಕ್ಕಿನೊಳಗೆ ಮಡಚಿಟ್ಟುಕೊಂಡು ಭಾನುವಾರಕ್ಕೆ ಕಾದ. ಸಾಯುವ ಯೋಚನೆ ಬಂದಿತ್ತು ಅಂತ ಆಮೇಲೆ ಅವನೇ ಒಪ್ಪಿಕೊಂಡ. ಆದರೆ ಸೊಸೆಗೆ ಹೇಳದೆ ಸತ್ತರೆ ಅದೂ ಒಂದು ತಪ್ಪಿಸಿಕೊಳ್ಳುವ ದಾರಿ ಆಗುತ್ತದೆ ಅಂತ ಕೂತಿದ್ದನಂತೆ.

ಸಾಂತಿ ಬಂದಳು. ಧರಣಿ ಹೊಸ ಚೂಡಿದಾರ ಹಾಕಿದ್ದಳು, ಕೈಯಲ್ಲಿ ಕಾಲೇಜಿನ ಪುಸ್ತಿಕೆ. ದಂಡಪಾಣಿ ಚೆಕ್ಕನ್ನು ಸೊಸೆಯ ಕೈಗೆ ಕೊಟ್ಟ. ಅವಳು ಅಂಕಿಯನ್ನು ಎರಡು ಸಲ ಓದಿದಳು. ಇದು ಮೊದಲ ಕಂತಿಗಾ ಮಾವಾ ಅಂತ ಕೇಳಿದಳು. ಇಲ್ಲಮ್ಮಾ, ಇಷ್ಟೇ ಅಂದ.

"ಯಾರು ತಿಂದ್ರು? ಆ ಆಫೀಸಿನೋರಾ? ಹೇಳಿ ಮಾವಾ, ಪೊಲೀಸಿಗೆ ಹೋಗೋಣ."

"ಯಾರೂ ಇಲ್ಲ. ಅವರು ಕಾಗದದಲ್ಲಿ ಇದ್ದಷ್ಟೇ ತಗೊಂಡಿದಾರೆ. ನಾನೇ ಕೊಟ್ಟೆ. ದಿನಾ ಹೋಗಿ ಕೊಟ್ಟೆ."

ಅವನು ಎಲ್ಲ ಹೇಳಿದ. ಹತ್ತು ಎಳೆ, ಸೋಪು, ಟೈರು, ನಲವತ್ತು ರೂಪಾಯಿ, ಹದಿನೈದು ಲಕ್ಷ. ಯಾವುದನ್ನೂ ಮುಚ್ಚಿಡಲಿಲ್ಲ. ಯಾರೋ ಮೋಸ ಮಾಡಿದ್ದಿದ್ದರೆ ಸಾಂತಿ ಮಣ್ಣು ತೂರಿ ಶಾಪ ಹಾಕುತ್ತಿದ್ದಳು, ಎದೆ ಹಗುರಾಗುತ್ತಿತ್ತು. ಕುಡಿದು ಕಳೆದಿದ್ದರೂ ಬೈಯಬಹುದಿತ್ತು. ಬಿಸಿಲಲ್ಲಿ ಎರಡೂವರೆ ಕಿಲೋಮೀಟರು ನಡೆದು, ಟೀ ಕುಡಿಯದೆ, ಪ್ರೀತಿಯಿಂದ ಕಳೆದವನಿಗೆ ಏನಂತ ಬೈಯುವುದು? ಅವಳು ಚೆಕ್ಕನ್ನು ಮಡಚಿದಳು. ಕೊನೆಗೆ ಬಹಳ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದಳು:

"ನೀವು ಸುಮ್ನೆ ಕೂತಿದ್ರೆ ಸಾಕಾಗಿತ್ತಲ್ಲ ಮಾವಾ."

ಬ್ಯಾಂಕಿನಲ್ಲೂ ಕೇಳಿದ್ದಾಯಿತು. ನಾಲ್ಕು ಲಕ್ಷದವರೆಗೆ ಸಾಲ ಕೊಡುತ್ತೇವೆ, ಅದರ ಮೇಲೆ ಬೇಕಾದರೆ ಏನಾದರೂ ಅಡವಿಡಿ ಅಂದರು. ಅಡವಿಡಲು ಈ ಮನೆಯಲ್ಲಿ ಏನಿದೆ, ಮುರಿದ ರಾಟೆಯಾ? ಸಾಲವೂ ಚೆಕ್ಕೂ ಸೇರಿದರೂ ಇನ್ನೂ ನಾಲ್ಕು ಲಕ್ಷ ಕಮ್ಮಿ, ಅರ್ಧಕ್ಕೆ ನಿಲ್ಲುವ ಓದಿಗೆ ಕಂತು ಕಟ್ಟಲು ಸಾಂತಿ ಧೈರ್ಯ ಮಾಡಲಿಲ್ಲ. ಜೂನ್ ಹತ್ತು ಬಂತು, ಹೋಯಿತು. ಸೀಟು ಇನ್ಯಾರಿಗೋ ಹೋಯಿತು. ಧರಣಿ ಒಂದು ಸೋಮವಾರ ಬೆಳಿಗ್ಗೆ ತಾಯಿಯ ಜೊತೆ ಕಂಪನಿಯ ವ್ಯಾನು ಹತ್ತಿ ಚೆಕಿಂಗ್ ಟೇಬಲ್ಲಿಗೆ ಸೇರಿದಳು. ಒಂದೇ ವರ್ಷ ತಾತಾ, ಮುಂದಿನ ವರ್ಷ ನೋಡೋಣ ಅಂತ ಅವಳೇ ಫೋನು ಮಾಡಿ ಸಮಾಧಾನ ಹೇಳಿದಳು. ಆ ಟೇಬಲ್ಲಿಗೆ ಒಂದು ವರ್ಷಕ್ಕೆ ಅಂತ ಬಂದವರಲ್ಲಿ ಸಾಂತಿಯೂ ಒಬ್ಬಳು.

ಬೀದಿಯಲ್ಲಿ ಸುದ್ದಿಯಾಯಿತು. ಬೇಲಿಯೇ ಎದ್ದು ಪೈರು ಮೇಯ್ದ ಹಾಗಾಯಿತು ಅಂತ ಅಂದರು. ಅವರ ಬಾಯಿಗೆ ಮಣ್ಣು ಹಾಕ. ಬೇಲಿ ಮೇಯಲಿಲ್ಲ. ನೀರು ಹಾಕಿ ಹಾಕಿ ಬೇರು ಕೊಳೆಸಿತು, ಅಷ್ಟೇ.

ಹೋದ ಭಾನುವಾರ ಧರಣಿ ಒಬ್ಬಳೇ ಬಂದಳು. ಸಾಂತಿಗೆ ಓವರ್‌ಟೈಮು ಇತ್ತಂತೆ, ಹೋದ ಮೂರು ಭಾನುವಾರವೂ ಇತ್ತು. ಹುಡುಗಿ ಎಂದಿನಂತೆ ಜಗುಲಿಯ ಮೇಲೆ ತಾತನ ಪಕ್ಕ ಕೂತು ಅವನ ಬಲಗೈ ಎಳೆದುಕೊಂಡಳು. ಅವಳ ತೋರುಬೆರಳಿನಲ್ಲಿ ನೂಲು ಕತ್ತರಿಸುವ ಕತ್ತರಿ ಒತ್ತಿ ಒತ್ತಿ ಬೊಬ್ಬೆ ಎದ್ದು ಒಡೆದಿತ್ತು. ದಂಡಪಾಣಿ ಅದನ್ನು ನೋಡಿದ. ಒಳಗೆ ಓಡಿ ಎಣ್ಣೆ ತರಬೇಕು, ಬಟ್ಟೆ ಕಟ್ಟಬೇಕು, ಏನಾದರೂ ಮಾಡಬೇಕು ಅಂತ ಅವನ ಮೈಯೆಲ್ಲ ಎದ್ದು ನಿಂತಿತು.

"ಅಲ್ಲಾಡಬೇಡಿ ತಾತಾ" ಅಂದಳು ಅವಳು. ಹೆಬ್ಬೆರಳಿನಿಂದ ಶುರು ಮಾಡಿ, ಮಡಿಸಿ, ಬಿಡಿಸಿ, ಒಂದು, ಎರಡು ಅಂತ ಎಣಿಸತೊಡಗಿದಳು. ಅವಳು ಹತ್ತು ಎಣಿಸುವ ತನಕ ದಂಡಪಾಣಿ ಸುಮ್ಮನೆ ಕೂತಿದ್ದ.